ಹನ್ನೊಂದು ಜನರ ಭಾರ

ಗಾಡಿ ಓಡಿಸುವುದನ್ನು ಬಿಡಬೇಕು ಎಂದು ವೈದ್ಯರು ಹೇಳಿದ ದಿನ ನಾನೇ ಗಾಡಿ ಓಡಿಸಿಕೊಂಡು ರಾಯಚೂರಿಗೆ ಹೋಗಿದ್ದೆ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಅದಕ್ಕೆ ಮುಂಚೆ ಎರಡು ಸಲ ನನಗೆ ಎಚ್ಚರ ತಪ್ಪಿತ್ತು. ಮೊದಲ ಸಲ ಮಕ್ತಲ್ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ. ಕೈಯಲ್ಲಿ ಚಹಾದ ಗ್ಲಾಸು ಹಿಡಿದು ನಿಂತವನು ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಯಾರೋ ನನ್ನ ಅಂಗೈಗೆ ಕಬ್ಬಿಣದ ಬೀಗದ ಕೈ ಒತ್ತಿ ಹಿಡಿದಿದ್ದರು. ಎರಡನೆಯ ಸಲ ನಾರಾಯಣಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ. ಎರಡೂ ಸಲ ಗಾಡಿಯಲ್ಲಿ ಇರಲಿಲ್ಲ ಎಂಬುದನ್ನೇ ನಾನು ದೊಡ್ಡ ಭಾಗ್ಯವೆಂದುಕೊಂಡಿದ್ದೆ. ಮೂರನೆಯದು ಎಲ್ಲಿ ಬಂದೀತು ಎಂದು ಯೋಚಿಸಿರಲಿಲ್ಲ.

ತಲೆಗೆ ವೈರುಗಳನ್ನು ಅಂಟಿಸಿದರು. ಕಣ್ಣ ಮುಂದೆ ದೀಪವೊಂದನ್ನು ಪಟಪಟನೆ ಹತ್ತಿಸಿ ಆರಿಸಿದರು. ಆಮೇಲೆ ವೈದ್ಯರು ಚೀಟಿ ಬರೆಯುತ್ತ ಹೇಳಿದರು.

"ಫಿಟ್ಸ್ ಅದಾವರಿ. ಗುಳಿಗಿ ಒಂದು ಹೊತ್ತೂ ತಪ್ಪಸಬ್ಯಾಡ್ರಿ. ನಿದ್ದಿ ಕೆಡಬ್ಯಾಡ್ರಿ. ಬಾವಿ ದಂಡಿಗೆ, ಕೆರಿ ದಂಡಿಗೆ ಒಬ್ಬರೇ ಹೋಗಬ್ಯಾಡ್ರಿ. ಏನು ಕೆಲಸ ಮಾಡತೀರಿ?"

"ಡ್ರೈವರ್ ಅದೀನ್ರಿ. ನಾರಾಯಣಪೇಟಿಂದ ಮಕ್ತಲ್, ಗದ್ವಾಲ ಜೀಪ್ ಸರ್ವೀಸ್."

ಅವರ ಪೆನ್ನು ನಿಂತಿತು. "ಅದನ್ನ ಬಿಡಬೇಕಾಗತೈತ್ರಿ."

"ಎಷ್ಟು ದಿನ್ರೀ?"

"ದಿನ ಎಣಿಸಬ್ಯಾಡ್ರಿ. ಬ್ಯಾರೆ ಕೆಲಸ ನೋಡ್ಕೋರಿ."

ದವಾಖಾನೆಯ ಮೆಟ್ಟಿಲು ಇಳಿಯುತ್ತಿದ್ದಂತೆ ಹೆಂಡತಿ ಕೈ ಚಾಚಿದಳು. ನಾನು ಜೇಬಿನಿಂದ ಕೀಲಿ ತೆಗೆದು ಕೊಟ್ಟೆ. ಮಕ್ತಲ್‌ನ ಡ್ರೈವರೊಬ್ಬನಿಗೆ ಫೋನ್ ಮಾಡಿದೆವು. ಅವನು ಬಸ್ಸಿನಲ್ಲಿ ಬಂದು ನಮ್ಮ ಗಾಡಿಯಲ್ಲಿ ನಮ್ಮನ್ನು ಊರಿಗೆ ಕರೆತಂದ. ಹದಿನಾಲ್ಕು ವರ್ಷ ಓಡಿಸಿದ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಎಡಗಡೆಯ ಸ್ಪ್ರಿಂಗೊಂದು ತೊಡೆಗೆ ಚುಚ್ಚುತ್ತಿತ್ತು. ಇಷ್ಟು ವರ್ಷ ಜನ ಇದರ ಮೇಲೆಯೇ ಕೂತು ಬಂದರಲ್ಲ, ಒಬ್ಬರೂ ಹೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಗಾಡಿಯನ್ನು ಮುಂದೆ ಆ ಡ್ರೈವರೇ ಕೊಂಡುಕೊಂಡ. ನಾನು ಮನೆಯಲ್ಲಿ ಉಳಿದೆ.

ನನ್ನ ಹೆಂಡತಿ ಗದ್ವಾಲದ ನೇಕಾರರ ಮನೆಯ ಮಗಳು. ನಮ್ಮ ಪಡಸಾಲೆಯಲ್ಲಿ ನೆಲ ತೋಡಿ ಇಳಿಸಿದ ಕುಣಿಮಗ್ಗವಿದೆ. ಅದರ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯುತ್ತ ಅವಳು ದಿನವಿಡೀ ಸೀರೆ ನೇಯುತ್ತಾಳೆ. ನಾನು ಅವಳಿಗೆ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿಕೊಡಲು ಕಲಿತೆ. ಸುತ್ತಿದ್ದು ಸಡಿಲವಾದರೆ ಅವಳು ಬೈಯುತ್ತಿರಲಿಲ್ಲ. ಬಿಚ್ಚಿ ತಾನೇ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಓಡಿಸುವುದು ನೆನಪಾದಾಗ ನನ್ನ ಜೀವ ವೇಗಕ್ಕಾಗಿ ಎಳೆಯುತ್ತಿರಲಿಲ್ಲ. ಹನ್ನೊಂದು ಜನರನ್ನು ತುಂಬಿಕೊಂಡ ಗಾಡಿಯಲ್ಲಿ ವೇಗವೆಲ್ಲಿಂದ ಬರಬೇಕು? ನನಗೆ ಬೇಕಾಗಿದ್ದದ್ದು ಟೈರು ರಸ್ತೆಯನ್ನು ಹಿಡಿದುಕೊಂಡಿದೆ ಎಂಬ ಸುದ್ದಿ. ಅದು ಸ್ಟೇರಿಂಗಿನಿಂದ ಅಂಗೈಗೆ ಬರುತ್ತದೆ, ಸೀಟಿನಿಂದ ಸೊಂಟಕ್ಕೆ ಬರುತ್ತದೆ. ಮೊದಲ ಮಳೆಗೆ ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ಡಾಂಬರಿನ ಮೇಲೆ ತಂದು ಮೆತ್ತಿದಾಗ ಸ್ಟೇರಿಂಗು ಒಮ್ಮೆಲೇ ಹಗುರವಾಗುತ್ತದೆ. ಹಗುರವಾದರೆ ಮುಂದಿನ ಟೈರು ನೆಲದ ಮಾತು ಕೇಳುತ್ತಿಲ್ಲ ಎಂದು ತಿಳಿಯಬೇಕು. ಆಗ ಇನ್ನಷ್ಟು ತಿರುಗಿಸಬಾರದು, ಬ್ರೇಕ್ ಒತ್ತಬಾರದು, ಕಾಯಬೇಕು. ಅರ್ಧ ಉಸಿರಿನಷ್ಟು ಹೊತ್ತು. ಟೈರು ತಾನಾಗಿ ಮತ್ತೆ ಹಿಡಿಯುತ್ತದೆ, ಅಂಗೈಗೆ ತೂಕ ವಾಪಸು ಬರುತ್ತದೆ. ಹಿಂದೆ ಕೂತವರಿಗೆ ಏನೂ ಗೊತ್ತಾಗಿರುವುದಿಲ್ಲ. ತೊಗರಿಯ ಧಾರಣೆಯ ಮಾತು ನಡೆದೇ ಇರುತ್ತದೆ. ಆ ತೂಕ ವಾಪಸು ಬರುವ ಗಳಿಗೆ ನನಗೆ ನಡುಹಗಲಲ್ಲಿ ಕಂಡಿಕೆ ಸುತ್ತುವಾಗ ನೆನಪಾಗುತ್ತಿತ್ತು. ಕೈ ನಿಲ್ಲುತ್ತಿತ್ತು, ನೂಲು ಸಡಿಲವಾಗುತ್ತಿತ್ತು.

ಒಂದು ದಿನ ದವಾಖಾನೆಯ ಕಾಗದಗಳ ಜೆರಾಕ್ಸ್ ಮಾಡಿಸಲು ನಮ್ಮೂರಿನ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಹೋದೆ. ಅದರ ಮಾಲೀಕ ಮೂವತ್ತೈದರ ಆಸುಪಾಸಿನವನು. ಮೊದಲು ಹೈದರಾಬಾದಿನ ಒಂದು ವಿಡಿಯೋ ಆಟದ ಪಾರ್ಲರಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಅದು ಮುಚ್ಚಿದಾಗ ಅಲ್ಲಿಂದ ಒಂದು ಸ್ಟೇರಿಂಗು, ಮೂರು ಪೆಡಲು, ಒಂದು ಕಾರಿನ ಸೀಟು ತಂದು ಅಂಗಡಿಯ ಮೂಲೆಯಲ್ಲಿ ಒಂದು ಪರದೆಯ ಮುಂದೆ ಇಟ್ಟುಕೊಂಡಿದ್ದ. ಮೇಲೆ ಹಳೆಯ ಟವೆಲು ಹೊದಿಸಿತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಅವನು ಕಂಡ.

"ಕುಂಡ್ರಿ ಅಣ್ಣಾ, ಒಕ್ಕಸಾರಿ ನೋಡ್ರಿ. ಹಗಲಿನ್ಯಾಗ ಯಾರೂ ಬರಂಗಿಲ್ಲ."

ಕೂರಬೇಕೆಂದು ಕಾಲು ಮುಂದಾಗಿತ್ತು. ಆದರೆ ಪಟಪಟ ಬೆಳಕಿನ ಪರೀಕ್ಷೆ ನೆನಪಾಗಿ ಹಿಂದೆ ಸರಿದೆ. ಮುಂದಿನ ಸಲ ರಾಯಚೂರಿಗೆ ಹೋದಾಗ ಆ ಆಟ ಆಡಬಹುದೇ ಎಂದು ಹೆಂಡತಿಯೇ ವೈದ್ಯರನ್ನು ಕೇಳಿದಳು. ಮಿನುಗುವ ಬೆಳಕು ಕಂಡರೆ ಬರುವ ಬಗೆಯ ಫಿಟ್ಸ್ ನನ್ನದಲ್ಲವೆಂದೂ, ಆದರೂ ಒಂದು ತಾಸಿಗಿಂತ ಹೆಚ್ಚು ಬೇಡವೆಂದೂ, ನಿದ್ದೆಗೆಟ್ಟ ದಿನ ಬೇಡವೆಂದೂ, ಪಕ್ಕದಲ್ಲಿ ಯಾರಾದರೂ ಇರಲಿ ಎಂದೂ ಅವರು ಹೇಳಿದರು. ಹೊರಗೆ ಬಂದ ಮೇಲೆ ಹೆಂಡತಿ, "ಮಗ್ಗದ ಕೆಲಸ ಬಿಟ್ಟು ಆಟ ಆಡಾಕ ಹೋಗತೀರೇನು?" ಎಂದಳು. ಬೇಡವೆನ್ನಲಿಲ್ಲ.

ಮೊದಲ ದಿನ ಮಾಲೀಕ ಹಾಕಿಕೊಟ್ಟ ಆಟದಲ್ಲಿ ಕೆಂಪು ಕಾರೊಂದು ಸಮುದ್ರದ ದಂಡೆಯಲ್ಲಿ ಓಡುತ್ತಿತ್ತು. ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಸಾಕು, ಕಾರು ಅಡ್ಡಡ್ಡ ಜಾರುತ್ತ ಹೊಗೆ ಬಿಡುತ್ತ ತಾನೇ ದಾರಿ ಹಿಡಿಯುತ್ತಿತ್ತು. ಗೋಡೆಗೆ ಬಡಿದರೆ ಚೆಂಡಿನ ಹಾಗೆ ಪುಟಿದು ಮುಂದೆ ಹೋಗುತ್ತಿತ್ತು. ಸ್ಟೇರಿಂಗು ನನ್ನ ಕೈಯಲ್ಲಿ ಸುಮ್ಮನೆ ಗಡಗಡ ನಡುಗುತ್ತಿತ್ತು.

"ಹೆಂಗೈತಿ ಅಣ್ಣಾ?"

"ಇದಕ್ಕ ಟೈರ್ ಇಲ್ಲಪ್ಪಾ," ಎಂದೆ. "ಗಾಲಿ ಅದಾವು. ಟೈರ್ ಇಲ್ಲ."

ಅವನು ನಗಲಿಲ್ಲ. ಬೇರೊಂದು ಆಟ ಇದೆ, ಪಾರ್ಲರಿಗೆ ಬರುತ್ತಿದ್ದವರು ಅದನ್ನು ಬೇಸರದ ಆಟವೆಂದು ಮುಟ್ಟುತ್ತಿರಲಿಲ್ಲ, ನಾಳೆ ಬನ್ನಿ ಎಂದ.

ಎರಡನೆಯ ಆಟದಲ್ಲಿ ನಾನು ಮೊದಲ ತಿರುವಿನಲ್ಲೇ ಹುಲ್ಲಿಗೆ ಹೋದೆ. ಮತ್ತೆ ಶುರು ಮಾಡಿದೆ, ಮತ್ತೆ ಹೋದೆ. ಟೈರುಗಳಿನ್ನೂ ತಣ್ಣಗಿವೆ, ಒಂದೆರಡು ಸುತ್ತು ನಿಧಾನಕ್ಕೆ ಹೋದರೆ ಬಿಸಿಯಾಗಿ ಹಿಡಿತ ಬರುತ್ತದೆ ಎಂದು ಮಾಲೀಕ ಪರದೆಯ ಮೂಲೆಯಲ್ಲಿದ್ದ ನಾಲ್ಕು ಚೌಕಗಳನ್ನು ತೋರಿಸಿದ. ಅವು ನೀಲಿಯಿಂದ ಹಸಿರಾಗುವವರೆಗೆ ನಿಧಾನವಾಗಿ ಓಡಿಸಿದೆ. ಆಮೇಲೆ ಒಂದು ಉದ್ದನೆಯ ಬಲತಿರುವಿನಲ್ಲಿ ಸ್ವಲ್ಪ ಹೆಚ್ಚು ತಿರುಗಿಸಿದೆ. ಸ್ಟೇರಿಂಗು ಹಗುರವಾಯಿತು.

ನಡುಕವಲ್ಲ, ಸದ್ದಲ್ಲ. ಅಂಗೈಯಿಂದ ಯಾರೋ ಭಾರ ತೆಗೆದುಕೊಂಡ ಹಾಗೆ ಹಗುರವಾಯಿತು. ನನ್ನ ಕೈ ತನ್ನಷ್ಟಕ್ಕೆ ತಾನು ಕೊಂಚ ಬಿಟ್ಟಿತು, ಕಾದಿತು. ಅರ್ಧ ಉಸಿರು. ತೂಕ ಮರಳಿ ಬಂತು.

ಕಾರು ನಿಲ್ಲಿಸಿ ಕಣ್ಣು ಒರೆಸಿಕೊಂಡೆ. ಮಾಲೀಕ ಗಾಬರಿಯಾಗಿ ಪರದೆ ಆರಿಸಿಬಿಟ್ಟ. "ಏನಾತು ಅಣ್ಣಾ? ಅಕ್ಕಾರಿಗೆ ಫೋನ್ ಮಾಡಲೇನು?"

"ಏನೂ ಆಗಿಲ್ಲ. ಇದು ಸುಳ್ಳು ಹೇಳವಲ್ದು," ಎಂದೆ.

ಅಂದಿನಿಂದ ಊಟದ ನಂತರದ ಒಂದು ತಾಸು ನನ್ನದಾಯಿತು. ಆಟ ಎಲ್ಲಿ ನಿಜ, ಎಲ್ಲಿ ಅಲ್ಲ ಎಂದು ನಾವಿಬ್ಬರೂ ಹುಡುಕಲು ಶುರು ಮಾಡಿದೆವು. ತಿರುವಿನ ನಡುವೆ ಬ್ರೇಕ್ ಒತ್ತಿದರೆ ಹಿಂಭಾಗ ಹೊರಗೆ ಬೀಸುವುದು ನಿಜ. ಗಾಳಿ ಕಡಿಮೆಯಾದ ಟೈರು ಸೋಮಾರಿಯಾಗಿ ತಿರುಗುವುದೂ ನಿಜ. ಮಳೆ ಹಾಕಿದರೆ ರಸ್ತೆಯೆಲ್ಲ ಒಂದೇ ಸಮ ಜಾರುವುದು ಸುಳ್ಳು. ನಮ್ಮ ಕಡೆ ಮರದ ಕೆಳಗೆ ಒಂದು ಥರ, ಹಳ್ಳದ ಇಳಿಜಾರಿನಲ್ಲಿ ಒಂದು ಥರ. ಆ ರಸ್ತೆಗಳಲ್ಲಿ ಕುರಿಹಿಂಡು ಇಲ್ಲ. ಸುಗ್ಗಿಯ ಕಾಲದಲ್ಲಿ ಜುರಾಲ ಕಾಲುವೆಯ ಕಡೆಯ ಊರುಗಳಲ್ಲಿ ಅರ್ಧ ರಸ್ತೆಗೆ ಒಣಹಾಕುವ ಭತ್ತವಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಸೀಟಿನದು. ಪರದೆಯಲ್ಲಿ ಕಾರು ವಾಲುತ್ತದೆ, ನನ್ನ ಸೊಂಟ ಅಲ್ಲೇ ಇರುತ್ತದೆ. ಹಿಂದಿನ ಗಾಲಿ ಜಾರುವುದನ್ನು ನಾನು ಯಾವತ್ತೂ ಕಣ್ಣಿಂದ ತಿಳಿದವನಲ್ಲ. ಪರದೆಯ ಮುಂದೆ ಕಣ್ಣಿಂದ ತಿಳಿಯುವುದನ್ನು ಕಲಿಯಬೇಕಾಯಿತು, ಯಾವಾಗಲೂ ಒಂದು ಗಳಿಗೆ ತಡವಾಗುತ್ತಿತ್ತು.

ಇನ್ನೊಂದು ಕೊರತೆ ಬಹಳ ದಿನದ ಮೇಲೆ ಗೊತ್ತಾಯಿತು. ಕಾರು ಖಾಲಿ ಇತ್ತು.

"ಇದರಾಗ ಮಂದೀನ್ನ ಕುಂಡ್ರಸಾಕ ಬರತೈತೇನು?" ಎಂದು ಕೇಳಿದೆ.

ಅವನು ಆಟದ ಒಳಗೆಲ್ಲ ಹುಡುಕಿದ. ರೇಸಿನಲ್ಲಿ ಬಲವಾದ ಕಾರನ್ನು ಸ್ವಲ್ಪ ಕುಗ್ಗಿಸಲು ತೂಕ ಹೇರುವ ಒಂದು ವ್ಯವಸ್ಥೆ ಸಿಕ್ಕಿತು. ಎಷ್ಟು ಹಾಕಲಿ ಎಂದ. ನಾನು ಮನಸ್ಸಿನಲ್ಲೇ ಜನರನ್ನು ಹತ್ತಿಸಿದೆ. ಮಕ್ತಲ್ ಸಂತೆಗೆ ಹೊರಟ ಮೂವರು ಹೆಂಗಸರು, ಅವರ ಬುಟ್ಟಿಗಳು. ಸೀರೆಯ ಗಂಟು ಹೊತ್ತ ನೇಕಾರ. ಆಸ್ಪತ್ರೆಗೆ ಹೊರಟ ಮುದುಕ, ಜತೆಗೆ ಸೊಸೆ. ಹನ್ನೊಂದು ಜನ ಆಗುವವರೆಗೆ ಎಣಿಸಿ ಒಂದು ಅಂದಾಜು ಹೇಳಿದೆ. ಆಟ ಅಷ್ಟು ತೂಕ ಒಪ್ಪಲಿಲ್ಲ. ಒಪ್ಪುವಷ್ಟನ್ನು ಪೂರ್ತಿ ಹಾಕಿದ.

ಕಾರು ಕೂತಿತು. ಹೊರಡುವಾಗ ತಡಮಾಡಿತು, ಬ್ರೇಕ್ ಒತ್ತಿದರೆ ಮುಂದಕ್ಕೆ ತೂಗಿತು, ತಿರುವಿನಲ್ಲಿ ನಿಧಾನಕ್ಕೆ ಒಂದು ಮಗ್ಗುಲಾಗಿ ಮತ್ತೆ ನಿಧಾನಕ್ಕೆ ಎದ್ದಿತು. ನಾನು ಹಿಂದೆ ತಿರುಗಿ ನೋಡಲಿಲ್ಲ, ಆದರೆ ಹಿಂದೆ ಜನರಿದ್ದರು. ತಿರುವಿಗೆ ಬಹಳ ಮೊದಲೇ ಕಾಲು ಬ್ರೇಕಿಗೆ ಹೋಗುತ್ತಿತ್ತು. ಸುತ್ತು ಮುಗಿದಾಗ ಪರದೆಯ ಮೇಲೆ ಎಲ್ಲೆಲ್ಲಿಯೋ ಕೂತು ಈ ಆಟ ಆಡಿದವರ ಹೆಸರು, ಸಮಯದ ಪಟ್ಟಿ ಬಂತು.

"ಅಣ್ಣಾ, ಎಲ್ಲಾರಿಗಿಂತ ಹಿಂದ ನೀವೇ ಅದೀರಿ."

"ಇರಲಿ ಬಿಡಪ್ಪಾ. ಹಿಂದಿನ ಸೀಟಿನ್ಯಾಗ ಬಾಣಂತಿ ಕುಂತಾಳ."

ಅವನು ಆ ದಿನ ಜೆರಾಕ್ಸಿಗೆ ಬಂದ ಇಬ್ಬರನ್ನು ಆಮೇಲೆ ಬನ್ನಿ ಎಂದು ಕಳಿಸಿ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ.

ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ನನಗೆ ತಾಸು ಮೀರಿತು. ಹೆಂಡತಿ ಹುಡುಕಿಕೊಂಡು ಬಂದಳು. ಕೂದಲಿನಲ್ಲಿ, ಸೆರಗಿನಲ್ಲಿ ನೂಲಿನ ಎಳೆಗಳು ಹಾಗೇ ಇದ್ದವು. ಬಾಗಿಲಲ್ಲೇ ನಿಂತು ನಾನು ತಿರುವು ದಾಟುವುದನ್ನು ನೋಡಿದಳು. ಮಾಲೀಕ ಎದ್ದು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

"ನಾನು ಒಂದು ಸಾರಿ ನೋಡಲೇನ್ರೀ?" ಎಂದಳು. ಕೇಳಿದ್ದು ಅವನನ್ನಲ್ಲ, ನನ್ನನ್ನು.

ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಸೀಟಿಗೆ ಕೂತಳು. ಮೊದಲು ಪೆಡಲುಗಳನ್ನು ಒಂದೊಂದಾಗಿ ಒತ್ತಿ, ಎಷ್ಟು ಆಳ ಹೋಗುತ್ತವೆ, ಹೇಗೆ ಹಿಂದಕ್ಕೆ ಬರುತ್ತವೆ ಎಂದು ನೋಡಿಕೊಂಡಳು. ಇಪ್ಪತ್ತು ವರ್ಷ ಮಗ್ಗದ ಹಲಗೆ ತುಳಿದ ಕಾಲು ಅದು. ಕಾರು ಎಡಕ್ಕೆ ಬಲಕ್ಕೆ ಓಲಾಡುತ್ತ ಹೋಯಿತು, ಹುಲ್ಲಿಗೂ ಹೋಯಿತು. ಆದರೆ ಬ್ರೇಕನ್ನು ಅವಳು ಒದೆಯಲಿಲ್ಲ. ಮೆಲ್ಲಗೆ ಒತ್ತಿ, ಇನ್ನಷ್ಟು ಒತ್ತಿ, ನಿಲ್ಲುವ ಮುಂಚೆ ಸ್ವಲ್ಪ ಬಿಟ್ಟಳು. ಕಾರು ತಲೆಯಾಡಿಸದೆ ನಿಂತಿತು. ಅದನ್ನು ನಾನು ಕಲಿಯಲು ಎರಡು ವರ್ಷ ತಗೊಂಡಿದ್ದೆ.

"ಬಾನೆಟ್ಟಿನ ತುದಿ ನೋಡಬ್ಯಾಡ," ಎಂದೆ. "ಸೀರಿ ಅಂಚು ನೋಡಿದಂಗ ಹತ್ತರ ನೋಡಾಕತ್ತಿ. ದೂರ ನೋಡು, ತಿರುವು ಮುಗಿಯೋದು ಎಲ್ಲಿ ಅಂತ."

ಅವಳು ದೂರ ನೋಡಿದಳು. ಕಾರು ನೆಟ್ಟಗಾಯಿತು.

ಮನೆಗೆ ನಡೆದು ಬರುವಾಗ ಅವಳು ಹೇಳಿದಳು: "ನನ್ನ ತಮ್ಮನ ಹಳೆ ಕಾರು ಗದ್ವಾಲದಾಗ ಸುಮ್ಮನ ನಿಂತೈತಿ. ಸೀರಿ ಗಂಟು ಹೊತಗೊಂಡು ಬಸ್ಸಿನ್ಯಾಗ ನಿಂದ್ರೋದು ನನಗ ಸಾಕಾಗೈತಿ. ನಾ ಕಲೀತೀನಿ."

"ಡ್ರೈವಿಂಗ್ ಸ್ಕೂಲಿಗೆ ಸೇರಸತೀನಿ."

"ಸೇರತೀನಿ. ಅದಕ್ಕಿಂತ ಮೊದಲು ನೀವು ಕಲಸರಿ. ಇಲ್ಲೇ."

ಅಲ್ಲಿಂದ ನನ್ನ ತಾಸು ಅವಳದಾಯಿತು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೆ. ಸ್ಟೇರಿಂಗು ಹಗುರವಾಗುವುದು ಏನೆಂದು ಅವಳಿಗೆ ತಿಳಿಸಲು ನನಗೆ ಮಾತು ಸಿಗಲಿಲ್ಲ. ಕೊನೆಗೆ ಅವಳ ಕೈಯ ಮೇಲೆ ನನ್ನ ಕೈ ಇಟ್ಟು, ತಿರುವಿನಲ್ಲಿ ಬೇಕೆಂದೇ ಹೆಚ್ಚು ತಿರುಗಿಸಿದೆ. ಮಾಲೀಕ ಬೇರೆ ಕಡೆ ನೋಡಿದ.

"ಗೊತ್ತಾತು?"

"ಗೊತ್ತಾತು," ಎಂದಳು. "ಬಿಗಿ ಹೋತು. ಮಗ್ಗದಾಗ ಹಾಸಿನ ಎಳಿ ಸಡಲಾದಂಗ."

ಅವಳಿಗೆ ಕಲಿಸುತ್ತಿದ್ದ ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ ಎಂದು ಬರೆದರೆ ಅದು ಪೂರ್ತಿ ನಿಜವಲ್ಲ. ಅವಳು ಒಂದು ಸುತ್ತನ್ನು ಸರಿಯಾಗಿ ಮುಗಿಸಿದಾಗೆಲ್ಲ ನನ್ನ ಅಂಗೈ ತುರಿಸುತ್ತಿತ್ತು. ಏಳು, ನನಗೆ ಕೊಡು ಎನ್ನಬೇಕೆನ್ನಿಸುತ್ತಿತ್ತು. ಒಂದೆರಡು ಸಲ ಅಂದೂ ಬಿಟ್ಟೆ. ಅವಳು ಎದ್ದು ಕೊಟ್ಟಳು.

ಡ್ರೈವಿಂಗ್ ಸ್ಕೂಲು ಮುಗಿಯಿತು, ಲೈಸೆನ್ಸ್ ಬಂತು. ತಮ್ಮನ ಕಾರನ್ನು ಗದ್ವಾಲದ ಮೆಕ್ಯಾನಿಕ್ ಓಡುವ ಸ್ಥಿತಿಗೆ ತಂದ. ನಾಲ್ಕೂ ಟೈರು ಹೊಸವನ್ನೇ ಹಾಕಿಸಬೇಕೆಂದು ನಾನು ಹಟ ಹಿಡಿದೆ. ಹೊಸ ಟೈರಿನ ಮೇಲಿರುವ ಸಣ್ಣ ರಬ್ಬರಿನ ಕೂದಲುಗಳನ್ನು ಬೆರಳಿನಿಂದ ಸವರುತ್ತ ಅಂಗಡಿಯಲ್ಲಿ ಕೂತೆ. ಊರಿಗೆ ಹೊರಡಲು ಅವಳು ಕೀಲಿ ಹಾಕಿದಳು. ನಾನು ಎಡಗಡೆ ಕೂತೆ.

ಜುರಾಲ ಅಣೆಕಟ್ಟಿನ ಮೇಲಿನ ರಸ್ತೆಯನ್ನು ಅವಳು ಎರಡನೆಯ ಗೇರಿನಲ್ಲೇ ದಾಟಿದಳು. ಕೆಳಗೆ ಕೃಷ್ಣೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಹೆಂಡತಿ ಆ ಕಡೆ ಒಮ್ಮೆಯೂ ನೋಡಲಿಲ್ಲ. ಅಮರಚಿಂತೆ ಇನ್ನೂ ಸ್ವಲ್ಪ ದೂರವಿರುವಾಗ ಎದುರಿಗೆ ಒಂದು ಲಾರಿ ಬಂತು. ಎಡಗಡೆ ಅರ್ಧ ರಸ್ತೆಗೆ ಭತ್ತ ಹರಡಿತ್ತು, ಸುತ್ತ ಕಲ್ಲು ಇಟ್ಟಿದ್ದರು. ಲಾರಿಗೆ ದಾರಿ ಕೊಡಲು ಅವಳು ಎರಡು ಕಲ್ಲುಗಳ ಸಂದಿಯಲ್ಲಿ ಎಡಕ್ಕೆ ಸರಿದು ಬ್ರೇಕ್ ಒತ್ತಿದಳು. ಕಾಳಿನ ಮೇಲೆ ಗಾಲಿ ಉರುಳಲಿಲ್ಲ, ಕಾಳೇ ಗಾಲಿಯ ಕೆಳಗೆ ಉರುಳಿತು. ಕಾರಿನ ಮೂಗು ರಸ್ತೆಯಂಚಿನ ಕಡೆ ಹೊರಟಿತು.

ನನ್ನ ಸೊಂಟಕ್ಕೆ ಗೊತ್ತಾಯಿತು. ಪರದೆಯ ಮುಂದೆ ತಿಂಗಳುಗಟ್ಟಲೆ ಸುಮ್ಮನಿದ್ದ ಸೊಂಟಕ್ಕೆ ಅವಳ ಕೈಗಿಂತ ಮುಂಚೆ ಗೊತ್ತಾಯಿತು. ನನ್ನ ಬಲಗಾಲು ಇಲ್ಲದ ಪೆಡಲನ್ನು ಒತ್ತಿ, ಇಲ್ಲದ ಪೆಡಲನ್ನು ಬಿಟ್ಟಿತು. ಅವಳು ತಾನಾಗಿಯೇ ಬ್ರೇಕ್ ಬಿಟ್ಟಳು. ಸ್ಟೇರಿಂಗನ್ನು ಇನ್ನಷ್ಟು ತಿರುಗಿಸಲಿಲ್ಲ, ಕಾದಳು. ಟೈರು ಡಾಂಬರು ಹಿಡಿಯಿತು, ಕಾರು ಒಮ್ಮೆ ಕುಲುಕಿ ಸಾಲಿಗೆ ಬಂತು. ಲಾರಿ ದಾಟಿಹೋಯಿತು. ಭತ್ತ ಕಾಯುತ್ತಿದ್ದ ಮುದುಕಿ ಎದ್ದು ಬಂದು ಚೆಲ್ಲಿದ ಕಾಳನ್ನು ಕಾಲಿನಿಂದ ಒಳಗೆ ಎಳೆದುಕೊಳ್ಳುತ್ತ ತೆಲುಗಿನಲ್ಲಿ ನಮಗೆ ನಾಲ್ಕು ಮಾತು ಅಂದಳು.

ಹೆಂಡತಿ ಸ್ವಲ್ಪ ಮುಂದೆ ಹೋಗಿ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದಳು. ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡಳು.

"ಆಟದಾಗ ಹೆದರಿಕಿ ಇದ್ದಿಲ್ಲ ನೋಡ್ರಿ," ಎಂದಳು. "ಇಲ್ಲೆ ಹೊಟ್ಟಿಯಾಗಿಂದ ಬಂತು."

"ಹೆದರಿಕಿ ಬಂದರೂ ಕಾದಿ ನೀ."

"ನೀವು ಹೇಳಿದಂಗ ಮಾಡಿದೆ." ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಳು. "ನಿಮಗ ಆಸೆ ಆಗತೈತೇನ್ರೀ? ಓಡಸಬೇಕಂತ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆಗತೈತಿ," ಎಂದೆ. "ಈಗ ಜಾರಿದಾಗ ಭಾಳ ಆತು."

ಅವಳು ತಲೆಯಾಡಿಸಿದಳು. ಬಾಟಲಿಯಲ್ಲಿ ಉಳಿದ ನೀರನ್ನು ನನಗೆ ಕೊಟ್ಟಳು. ನಾನು ಕುಡಿದ ಮೇಲೆ ಹೊರಟೆವು.

ಈಗ ವಾರಕ್ಕೊಮ್ಮೆ ನಾವು ಸೀರೆ ತೆಗೆದುಕೊಂಡು ಗದ್ವಾಲಕ್ಕೆ ಹೋಗುತ್ತೇವೆ. ಗುಳಿಗೆ ನಡೆದಿದೆ. ಬಚ್ಚಲಿನದರ ನಂತರ ನನಗೆ ಮತ್ತೆ ಎಚ್ಚರ ತಪ್ಪಿಲ್ಲ. ಕಂಪ್ಯೂಟರ್ ಸೆಂಟರಿನ ಆಟಕ್ಕೆ ಹೋಗುವುದು ಕಡಿಮೆಯಾಗಿದೆ. ಅದು ಸುಳ್ಳು ಹೇಳುವುದಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಎಡಗಡೆಯ ಸೀಟಿನಲ್ಲಿ ಕೂತ ಮೇಲೆ ಪರದೆಯ ಮುಂದೆ ಸೊಂಟದ ಮೌನವನ್ನು ತಾಳುವುದು ಕಷ್ಟವಾಗಿದೆ.

ಹೋದ ವಾರ ಗದ್ವಾಲದಲ್ಲಿ ಅವಳು ತೌರಿನ ಬೀದಿಯ ಒಂದು ಮನೆಗೆ ರೇಷ್ಮೆ ಅಂಚಿನ ಬಣ್ಣ ನೋಡಲು ಹೋದಳು. ಬಿಸಿಲಿದೆ, ಹಾಡು ಕೇಳಿಕೊಂಡಿರಿ ಎಂದು ಕೀಲಿಯನ್ನು ನನ್ನ ಕೈಗೇ ಕೊಟ್ಟು ಹೋದಳು. ನಾನು ಕಾರಿಗೆ ಒರಗಿ ನಿಂತಿದ್ದೆ. ಅಷ್ಟರಲ್ಲಿ ಗಲ್ಲಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ದಾರಿ ಸಾಲದು. ಟ್ರ್ಯಾಕ್ಟರಿನವನು ನನ್ನ ಕೈಯಲ್ಲಿದ್ದ ಕೀಲಿ ನೋಡಿದ.

"ಯಜಮಾನ್ರೇ, ಜರ ಗಾಡಿ ಮುಂದ ತಗೋರಿ. ನಾಕೇ ಮಾರು."

ನಾಲ್ಕೇ ಮಾರು. ಬೀದಿ ಖಾಲಿ ಇತ್ತು, ಮಕ್ಕಳೂ ಇರಲಿಲ್ಲ. ಬಲಗಡೆಯ ಬಾಗಿಲು ತೆರೆದೇ ಇತ್ತು. ಸ್ಟೇರಿಂಗು ಬಿಸಿಲಿಗೆ ಕಾದಿತ್ತು, ಅದರ ರಬ್ಬರಿನ ವಾಸನೆ ಹೊರಗೆ ಬರುತ್ತಿತ್ತು. ನಾನು ಬಾಗಿಲವರೆಗೆ ಹೋದೆ, ಒಂದು ಕೈ ಸೀಟಿನ ಮೇಲಿಟ್ಟೆ.

"ನಮ್ಮ ಡ್ರೈವರ್ ಒಳಗ ಹೋಗ್ಯಾರ," ಎಂದೆ. "ಎರಡು ಮಿನಿಟ್ ನಿಂದ್ರಪ್ಪಾ."

ಒಳಗೆ ಹೋಗಿ ಕರೆದೆ. ಅವಳು ಕೈಯಲ್ಲಿ ಹಸಿರು ರೇಷ್ಮೆಯ ಲಡಿ ಹಿಡಿದುಕೊಂಡೇ ಬಂದಳು. ಅದನ್ನು ನನ್ನ ಹೆಗಲಿಗೆ ಹಾಕಿ, ಕೀಲಿ ತೆಗೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಕೂತಳು. ಮುಂದಿನ ಗಾಲಿಗಳು ನಿಂತಲ್ಲೇ ಮಣ್ಣನ್ನು ಅರೆಯುತ್ತ ತಿರುಗಿದವು. ಆಮೇಲೆ ಕಾರು ಹೊರಟಿತು. ಟ್ರ್ಯಾಕ್ಟರಿನವನು ಅವಳನ್ನೂ ನನ್ನನ್ನೂ ನೋಡಿ ಮುಂದೆ ಹೋದ. ನಾನು ಆ ರೇಷ್ಮೆ ಕೆಳಗೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಕಾರು ನಿಲ್ಲಿಸುವವರೆಗೆ ಬೀದಿಯಲ್ಲೇ ನಿಂತಿದ್ದೆ.